ಗುಡಾರದ ಅಧ್ಯಾಯದಲ್ಲಿ ನಿಂತವರು

ನಿಲಂಗಾ
೯ ಡಿಸೆಂಬರ್ ೧೯೧೮

ಚಿರಂಜೀವಿ ಕಲ್ಯಾಣಪ್ಪನಿಗೆ ಅಮೃತಪ್ಪನ ಆಶೀರ್ವಾದ.

ಬರುವ ರವಿವಾರ ಉದಗೀರದ ಕ್ರೈಸ್ತ ಸಭೆಯವರು ನನ್ನ ಮಗಳು ಕಸ್ತೂರಿಯ ನೆನಪಿಗಾಗಿ ಕೂಡುವರೆಂದು ಬರೆದಿರುವೆ. ಅವಳ ಗಂಡನಾದ ನೀನೇ ಎದ್ದು ನಿಂತು, ತಂದೆಯ ಪರವಾಗಿ ಕೆಳಗಿನದನ್ನು ಓದು. ಒಂದು ಮಾತನ್ನೂ ಬಿಡಬೇಡ; ಮೆತ್ತಗೆ ಮಾಡಿ ಓದಬೇಡ.

ಕೂಡಿದ ಹಿರಿಯರೇ, ತಾಯಂದಿರೇ,

ತಾವು ಬಂದಿರುವುದಕ್ಕೆ ನಾನು ಕೃತಜ್ಞನಾಗಿದ್ದೇನೆ. ದಸರೆಯ ಬೆನ್ನಿಗೆ ಬಂದ ಜ್ವರ ತಮ್ಮಲ್ಲಿ ಯಾರ ಮನೆಯನ್ನೂ ಬಿಟ್ಟು ಹೋಗಿಲ್ಲವೆಂದು ಬಲ್ಲೆ. ತಮ್ಮ ಮನೆಯ ಹಾಸಿಗೆಗಳೇ ಬರಿದಾಗಿರುವಾಗ, ಪರವೂರಿನವನ ಮಗಳಿಗಾಗಿ ಬಂದು ಚಾಪೆಯ ಮೇಲೆ ಕುಳಿತಿದ್ದೀರಿ. ಇದನ್ನು ನಾನು ಮರೆಯತಕ್ಕವನಲ್ಲ.

ಆದರೆ ತಮ್ಮ ಸಂತಾಪವನ್ನು ನಾನು ಸ್ವೀಕರಿಸುವುದಿಲ್ಲ. ನಾನು ಪುಣೆಯಲ್ಲಿ ಓದುತ್ತಿದ್ದಾಗ ಕಾಲೇಜಿನ ವಾದಸಭೆಯಲ್ಲಿ ಸೋತವನ ಭುಜವನ್ನು ಗೆಳೆಯರು ತಟ್ಟುವ ರೂಢಿಯಿತ್ತು. ನನ್ನ ಭುಜಕ್ಕೆ ಕೈ ಬಂದಾಗ ನಾನು ಸರಿದು ನಿಲ್ಲುತ್ತಿದ್ದೆ. ಈಗಲೂ ಸರಿದು ನಿಲ್ಲುತ್ತೇನೆ. ಮಗಳು ಯಾರ ಬಳಿಗೆ ಹೋದಳೆಂಬುದನ್ನು ನಂಬುವವನು ಸೋತವನಲ್ಲ. ನಂಬದವನಿಗೆ ತಮ್ಮ ಕಣ್ಣೀರಿನಿಂದ ಪ್ರಯೋಜನವಿಲ್ಲ.

ಬದಲಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಈ ಜ್ವರ ಬಂದ ಮೇಲೆ ತಮ್ಮಲ್ಲಿ ಎಷ್ಟು ಮನೆಗಳಲ್ಲಿ ದೀಪ ಹಚ್ಚಿದ ಹೊತ್ತಿಗೆ ಸತ್ಯವೇದವನ್ನು ತೆರೆದಿದ್ದೀರಿ? ಮದುವೆಗೂ ಮಣ್ಣಿಗೂ ಮಾತ್ರ ಹೊರತೆಗೆಯುವುದಾದರೆ ಅದು ಪೆಟ್ಟಿಗೆಯ ತಳದ ಜರಿಯ ಸೀರೆ. ಹಸಿದವನು ರೊಟ್ಟಿಯನ್ನು ಪೆಟ್ಟಿಗೆಯಲ್ಲಿ ಇಡುವುದಿಲ್ಲ. ದಿನವೂ ಸುಟ್ಟು ದಿನವೂ ತಿನ್ನುತ್ತಾನೆ. ನನ್ನ ಮಗಳ ಮೇಲೆ ತಮಗೆ ಪ್ರೀತಿಯಿದ್ದರೆ ಇಂದು ಸಂಜೆ ಮನೆಗೆ ಹೋಗಿ ಒಂದು ಅಧ್ಯಾಯ ಓದಿರಿ. ನಾಳೆ ಅದರ ಮುಂದಿನದನ್ನು ಓದಿರಿ. ನನಗೆ ಅಷ್ಟು ಸಾಕು.

ಇಲ್ಲಿಗೆ ಸಭೆಗೆ ಓದುವುದು ಮುಗಿಯಿತು. ಮುಂದಿನದು ನಿನಗೆ ಮಾತ್ರ.

ಈ ವರ್ಷ ಕಸ್ತೂರಿಯ ಮದುವೆಗೆಂದು ನಾನು ಬಳ್ಳಾರಿಯಿಂದ ಕನ್ನಡ ಸತ್ಯವೇದದ ಎರಡು ಪ್ರತಿಗಳನ್ನು ತರಿಸಿದ್ದು ನಿನಗೆ ಗೊತ್ತು. ಒಂದು ಅವಳೊಡನೆ ಉದಗೀರಕ್ಕೆ ಬಂತು, ಒಂದು ನನ್ನಲ್ಲಿ ಉಳಿಯಿತು. ತಾಯಿಯಿಲ್ಲದ ಹುಡುಗಿ, ಬೀಳ್ಕೊಡುವಾಗ ಅವಳೊಂದು ಕರಾರು ಮಾಡಿಸಿದಳು. ದಿನವೂ ದೀಪ ಹಚ್ಚಿದ ಮೇಲೆ ಅವಳಲ್ಲಿ, ನಾನಿಲ್ಲಿ ಒಂದೇ ಅಧ್ಯಾಯವನ್ನು ಓದುವುದು. ಯಾವುದನ್ನೂ ಹಾರಿಸುವಂತಿಲ್ಲ. ಒಬ್ಬರು ಕಾಯಿಲೆ ಬಿದ್ದರೆ ಮತ್ತೊಬ್ಬರು ಅಲ್ಲಿಯೇ ನಿಂತು ಕಾಯುವುದು.

ಜ್ವರದಲ್ಲಿ ನಾನು ಮಲಗಿದಾಗ ನಾವು ವಿಮೋಚನಕಾಂಡದಲ್ಲಿ, ದೇವರಿಗಾಗಿ ಕಟ್ಟುವ ಗುಡಾರದ ಅಳತೆಗಳು ಬರುವ ಕಡೆ ಇದ್ದೆವು. ನಾನು ಎದ್ದು ಕೂಡುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು. ನಾನು ಮಲಗಿದ ಮೇಲೆ ಅವಳು ಎಲ್ಲಿಯವರೆಗೆ ಓದಿದಳೋ ನನಗೆ ತಿಳಿಯದು. ತಿಳಿಯುವವರೆಗೆ ನಾನು ಮುಂದೆ ಹೋಗುವಂತಿಲ್ಲ. ಆದ್ದರಿಂದ ಅವಳ ಪುಸ್ತಕವನ್ನು ಗುರುತಿನ ದಾರ ಇದ್ದ ಹಾಗೆಯೇ ಕಳುಹಿಸು.

ಅಮೃತಪ್ಪ

ಉದಗೀರ
೧೯ ಡಿಸೆಂಬರ್ ೧೯೧೮

ಪೂಜ್ಯ ಮಾವನವರಿಗೆ ಕಲ್ಯಾಣಪ್ಪನ ವಂದನೆಗಳು.

ತಾವು ಹೇಳಿದಂತೆ ಒಂದು ಮಾತನ್ನೂ ಬಿಡದೆ ಓದಿದೆನು. ಸಂತಾಪ ಬೇಡವೆಂಬಲ್ಲಿಗೆ ಬಂದಾಗ ಹಿಂದಿನ ಸಾಲಿನಲ್ಲಿದ್ದ ಕುಸುಮಬಾಯಿ ಗಟ್ಟಿಯಾಗಿಯೇ ಅಂದಳು: "ಅಳಾಕೂ ಪರವಾನಿಗಿ ಬೇಕೇನ್ರೀ ಈ ವಕೀಲರದು?" ಕೆಲವರು ನಕ್ಕರು. ನಗು ಕೇಳಿ ಎಷ್ಟೋ ದಿನವಾಗಿತ್ತು, ತಾವು ಕೋಪಿಸಬಾರದು. ಆದರೆ ರೊಟ್ಟಿಯ ಮಾತಿಗೆ ಎಲ್ಲರೂ ತಲೆ ತಗ್ಗಿಸಿದರು. ಅದೇ ಕುಸುಮಬಾಯಿಯ ಮನೆಯಿಂದ ಆ ಸಂಜೆ ಓದುವ ಧ್ವನಿ ಕೇಳಿಸಿತು.

ತಮ್ಮ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಕಸ್ತೂರಿ ಮುಂದೆ ಓದಲಿಲ್ಲ. ತಾವು ಮಲಗಿದ್ದೀರೆಂದು ಮರುದಿನವೇ ಕಾಗದ ಬಂತು; ಅಂದೇ ಅವಳು ದಾರವನ್ನು ಆ ಗುಡಾರದ ಅಧ್ಯಾಯದಲ್ಲಿಟ್ಟು ಪುಸ್ತಕ ಮುಚ್ಚಿದಳು. ಆಗ ಅವಳಿಗಿನ್ನೂ ಜ್ವರವಿರಲಿಲ್ಲ. ಜ್ವರ ಬಂದ ಮೇಲೂ ತೆರೆಯಲಿಲ್ಲ. ತಾವು ಎಲ್ಲಿ ನಿಂತಿದ್ದೀರೋ ಅವಳೂ ಅಲ್ಲಿಯೇ ನಿಂತಿದ್ದಳು. ಆದ್ದರಿಂದ ತಾವು ನಿಶ್ಚಿಂತೆಯಿಂದ ಮುಂದೆ ಓದಬಹುದು.

ಆ ಅಧ್ಯಾಯಗಳು ಅವಳಿಗೆ ಬಹಳ ಬೇಸರ ತರಿಸಿದ್ದವು ಎಂಬುದನ್ನು ತಮಗೂ ಬರೆದಿರಬೇಕು. ಆಡಿನ ಕೂದಲಿನ ಪರದೆಗಳ ಲೆಕ್ಕ ಬಂದ ಸಂಜೆ ನಮ್ಮ ತಾಯಿ ಬಂಡಮ್ಮ ಕದಿರು ತಿರುಗಿಸುವುದನ್ನು ನಿಲ್ಲಿಸಿ ಕೇಳಿದಳು: "ಇಷ್ಟು ಪರದಿ ಯಾಕ ಬೇಕಂತ ಅವರಿಗಿ? ನಮ್ಮ ಕುರುಬರ ಬೀರಪ್ಪಗ ಒಂದ ಕಂಬಳಿ ಸಾಕಾಗಿತ್ತಲ್ಲ!" ಕಸ್ತೂರಿ ನಗುತ್ತ ಅಂದಳು: "ಅತ್ತಿ, ನಾ ಹಾರಿಸಿ ಓದ್ತಿದ್ದೆ. ಆದ್ರ ನಮ್ಮಪ್ಪ ನಿಲಂಗಾದಾಗ ಕುಂತು ಅಳತಿ ಹಿಡ್ಯಾಕತ್ಯಾರ. ಒಂದು ಮೊಳಾ ಕಮ್ಮಿ ಆದ್ರ ನನ್ನ ಮ್ಯಾಲ ದಾವಾ ಹೂಡ್ತಾರ!"

ಅವಳ ಎರಡು ಸೀರೆ, ಬಳೆ, ತಾವು ಕೊಟ್ಟ ಹಿತ್ತಾಳೆಯ ದೀಪ, ಇವನ್ನು ನಿಲಂಗಾದ ಪೇಟೆಗೆ ಜೋಳ ತರುವ ಭೀಮಶಾನ ಗಾಡಿಯಲ್ಲಿ ಕಳುಹಿಸಿದ್ದೇನೆ. ಪುಸ್ತಕವನ್ನು ಸದ್ಯಕ್ಕೆ ಕಳುಹಿಸಲು ಅನುಕೂಲವಿಲ್ಲ. ಅದು ಭದ್ರವಾಗಿದೆ. ದಯವಿಟ್ಟು ಚಿಂತಿಸಬಾರದು.

ತಮ್ಮ ವಿಧೇಯ
ಕಲ್ಯಾಣಪ್ಪ

ನಿಲಂಗಾ
೨ ಜನವರಿ ೧೯೧೯

ಕಲ್ಯಾಣಪ್ಪನಿಗೆ ಆಶೀರ್ವಾದ.

ಗಾಡಿ ಬಂತು. ಸೀರೆ, ಬಳೆ, ದೀಪ ಮುಟ್ಟಿದವು. ಇವುಗಳನ್ನು ನಾನು ಕೇಳಿರಲಿಲ್ಲ.

ನಿನ್ನ ಪತ್ರವನ್ನು ವಕೀಲನಾಗಿ ಓದಿದೆನು. ಮೊದಲನೆಯದಾಗಿ, ಕಸ್ತೂರಿ ನನಗಾಗಿ ಕಾಯುತ್ತ ಅದೇ ಅಧ್ಯಾಯದಲ್ಲಿ ನಿಂತಿದ್ದಳೆಂದು ಹೇಳುತ್ತೀ. ಇದು ಮುದುಕನೊಬ್ಬನು ಕೇಳಲು ಬಯಸುವ ಮಾತು. ಆದ್ದರಿಂದಲೇ ನಂಬಲು ಯೋಗ್ಯವಲ್ಲದ ಮಾತು. ಕೇಳುವವನ ಮುಖ ನೋಡಿ ನುಡಿಯುವ ಸಾಕ್ಷಿಯನ್ನು ಮುನ್ಸೀಫರ ಮುಂದೆ ನಾನು ಎಷ್ಟೋ ಸಲ ಕಟಕಟೆಯಿಂದ ಇಳಿಸಿದ್ದೇನೆ. ಎರಡನೆಯದಾಗಿ, ದೀಪ ತರಲು ಯೋಗ್ಯವಾದ ಗಾಡಿ ಪುಸ್ತಕ ತರಲು ಯೋಗ್ಯವಲ್ಲವೆನ್ನುತ್ತೀ. ಕಾರಣ ಹೇಳುವುದಿಲ್ಲ. ಮೂರನೆಯದಾಗಿ, ಭದ್ರವಾಗಿದೆ ಎನ್ನುತ್ತೀ. ಎಲ್ಲಿ ಎನ್ನುವುದಿಲ್ಲ.

ಗಾಡಿಯ ಭೀಮಶಾನನ್ನು ಕೂಡ್ರಿಸಿ ನೀರು ಕೊಟ್ಟು ಕೇಳಿದೆನು. "ಕಲ್ಯಾಣಪ್ಪ ಮಾಸ್ತರ ಮನ್ಯಾಗ ಸಂಜಿಗಿ ಓದ್ತಾರೇನು?" ಅವನು ಸುಳ್ಳು ಹೇಳಲಾರದ ಮನುಷ್ಯ. "ಮೊದಲ ಓದ್ತಿದ್ರು ಸಾಹೇಬ್ರ, ಬಾಯಿಯವರ ಧ್ವನಿ ದಾರೀತನಾ ಕೇಳ್ತಿತ್ತು. ಈಗ ಬಾಗಲಾ ಹಾಕ್ಕೊಂಡು ಕೂಡ್ತಾರ," ಎಂದನು.

ಹಾಗಾದರೆ ವಿಷಯ ಇದು. ನಿನ್ನ ಮನೆಯಲ್ಲಿ ಓದು ನಿಂತಿದೆ. ಸಭೆಗೆ ನನ್ನ ಮಾತನ್ನು ಓದಿ ಹೇಳಿದವನ ಮನೆಯಲ್ಲಿಯೇ ನಿಂತಿದೆ. ಪುಸ್ತಕ ಯಾರ ಕೈಗೆ ಹೋಯಿತು? ನಿನ್ನ ವಯಸ್ಸಿನವನು ಮತ್ತೊಂದು ಮದುವೆ ಮಾಡಿಕೊಳ್ಳುವುದು ಸಹಜ; ನಾನು ತಡೆಯುವವನಲ್ಲ. ಬರುವವಳಿಗೆ ಬೇರೊಂದನ್ನು ಕೊಂಡುಕೊಡು. ನನ್ನ ಮಗಳದನ್ನು ನನಗೆ ಕೊಡು.

ಕ್ರಿಸ್ಮಸ್ಸಿನ ದಿನ ಇಲ್ಲಿ ಮನೆಯಲ್ಲಿ ನಾನೊಬ್ಬನೇ ಇದ್ದೆನು. ದೀಪ ಹಚ್ಚಿದೆನು. ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತು, ಎಣ್ಣೆ ತೀರಿದ ಮೇಲೆ ಎದ್ದೆನು. ಇದನ್ನು ಮರುಕಕ್ಕಾಗಿ ಬರೆಯಲಿಲ್ಲ. ನನ್ನ ಓದು ನಿಂತಿರುವುದಕ್ಕೆ ನೀನು ಕಾರಣನಾಗಿದ್ದೀ ಎಂಬುದು ದಾಖಲಾಗಲೆಂದು ಬರೆದೆನು.

ಅಮೃತಪ್ಪ

ಉದಗೀರ
೧೪ ಜನವರಿ ೧೯೧೯

ಪೂಜ್ಯ ಮಾವನವರಿಗೆ,

ತಮ್ಮ ಪತ್ರವನ್ನು ತಾಯಿಗೆ ಓದಿ ಹೇಳಿದೆನು. ಮದುವೆಯ ಮಾತಿಗೆ ಅವಳು ಎದ್ದು ಹೊರಗೆ ಹೋದಳು. ಮರಳಿ ಬಂದು, "ಮುಚ್ಚಿಟ್ಟು ಆತು. ಇನ್ನ ಖರೇ ಬರೀ," ಎಂದಳು. ಬರೆಯುತ್ತೇನೆ.

ಪುಸ್ತಕವು ಕಸ್ತೂರಿಯ ಕೈಯಲ್ಲಿದೆ. ಅವಳೊಡನೆ ಮಣ್ಣಿನಲ್ಲಿದೆ.

ಅವಳು ಮಲಗಿದ ವಾರ ನಮ್ಮ ಓಣಿಯಲ್ಲಿ ನಿಂತು ನೀರು ಕೊಡುವವರಿರಲಿಲ್ಲ. ತಾಯಿಗೂ ಜ್ವರ. ಪಾದ್ರಿಯವರೂ ಮಲಗಿದ್ದರು. ಆಗ ಬಾಗಿಲಿಗೆ ಬಂದವರು ತಮ್ಮ ಅಕ್ಕ ಪ್ರಯಾಗಬಾಯಿಯವರು. ಮಗಳ ಬಾಣಂತನಕ್ಕೆಂದು ಗುಂಜೋಟಿಯಿಂದ ಉದಗೀರಕ್ಕೆ ಬಂದಿದ್ದರಂತೆ. ತಾವು ಕ್ರಿಸ್ತನ ಮತಕ್ಕೆ ಸೇರಿದಂದಿನಿಂದ ಅವರಿಗೂ ತಮಗೂ ಮಾತಿಲ್ಲವೆಂದು ನಾನು ಬಲ್ಲೆ. ಹಣೆಗೆ ವಿಭೂತಿ, ಎದೆಯಲ್ಲಿ ಲಿಂಗದ ಕರಡಿಗೆ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, "ನಮ್ಮ ಅಮೃತನ ಮಗಳು ಇದೇ ಮನ್ಯಾಗೇನ್ರಿ?" ಎಂದರು. ಆಮೇಲೆ ಒಳಗೆ ಬಂದವರು ಅವಳ ತಲೆಯ ಬಳಿಯಿಂದ ಏಳಲೇ ಇಲ್ಲ. ಅಂಬಲಿ ಕುಡಿಸಿದರು, ಮೈ ಒರೆಸಿದರು. ಕಸ್ತೂರಿ ಅವರನ್ನು ಅತ್ತಿ, ಅತ್ತಿ ಎಂದು ಕರೆಯುತ್ತಿದ್ದಳು. ಹುಟ್ಟಿದಂದಿನಿಂದ ನೋಡದವರನ್ನು ಎಷ್ಟೋ ದಿನದಿಂದ ಬಲ್ಲವಳಂತೆ ಕರೆದಳು.

ಅವಳು ಹೋದ ಮೇಲೆ ಕುಣಿ ತೋಡಿಸಿ, ನಾನೇ ಪ್ರಾರ್ಥನೆ ಹೇಳಿ ಇಳಿಸುವವನಿದ್ದೆನು. ಆಗ ಪ್ರಯಾಗಬಾಯಿಯವರು ಅವಳ ಎರಡೂ ಕೈ ಬಿಚ್ಚಿ ನೋಡಿ ಕೂಗಿದರು: "ಏನ್ರೋ ಇದು? ಬರೇ ಕೈಲೆ ಕಳಸ್ತೀರೇನು ಕೂಸಿಗಿ?"

ನಾನು ಅಂದೆ: "ನಮ್ಮಲ್ಲಿ ಕೈಯಾಗ ಏನೂ ಇಡಂಗಿಲ್ರಿ ಅತ್ತಿ."

"ಯಾಕ ಇಡಂಗಿಲ್ಲ? ನಮ್ಮಲ್ಲಿ ಲಿಂಗ ಇಡ್ತೀವಿ. ಹುಟ್ಟಿದಾಗಿಂದ ಕೈಯಾಗ ಹಿಡದು ಪೂಜಿ ಮಾಡಿದ್ದು ಹೋಗಮುಂದ ಕೈಯಾಗ ಇರಬೇಕು. ನಿಮ್ಮಲ್ಲಿ ಏನದ? ಈಕಿ ದಿನಾ ಕೈಯಾಗ ಏನು ಹಿಡೀತಿದ್ದಳು?"

ಅವರೇ ಮನೆಗೆ ಹೋಗಿ, ತಲೆದಿಂಬಿನ ಪಕ್ಕದಲ್ಲಿದ್ದ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದರು. ಅವಳ ಎಡಗೈಯಲ್ಲಿಟ್ಟು ಬಲಗೈ ಮೇಲೆ ಮುಚ್ಚಿದರು. ಇದು ನಮ್ಮ ಪದ್ಧತಿಯಲ್ಲವೆಂದು ಹೇಳಬೇಕಾದವನು ನಾನು. ಹೇಳಲಿಲ್ಲ, ಏಕೆಂದರೆ ನೋಡಲು ಸರಿಯಾಗಿಯೇ ಕಂಡಿತು.

ನಮ್ಮ ಮನೆಯಲ್ಲಿದ್ದುದು ಅದೊಂದೇ ಕನ್ನಡ ಸತ್ಯವೇದ. ಶಾಲೆಯಲ್ಲಿರುವುದು ಮರಾಠಿ, ತಾಯಿಗೆ ಅದು ತಿಳಿಯದು. ಓದು ನಿಂತದ್ದು ಅದಕ್ಕೆ. ತಮಗೆ ಹೇಗೆ ಹೇಳಬೇಕೆಂದು ತಿಳಿಯದೆ ಬಾಗಿಲು ಹಾಕಿಕೊಂಡು ಕುಳಿತೆವು.

ಕಲ್ಯಾಣಪ್ಪ

ನಿಲಂಗಾ
೧೮ ಜನವರಿ ೧೯೧೯

ಕಲ್ಯಾಣಪ್ಪನಿಗೆ.

ನಾನು ಮನೆಯನ್ನೂ ಹೊಲವನ್ನೂ ಒಡಹುಟ್ಟಿದವಳನ್ನೂ ಬಿಟ್ಟು ಬಂದದ್ದು ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಅದರಲ್ಲಿ ದೇವರನ್ನು ಕಾಣುವ ಪದ್ಧತಿ ತಪ್ಪೆಂದು ವಾದಿಸಿ. ಈಗ ನನ್ನ ಮಗಳ ಕೈಯಲ್ಲಿಯೇ ಅದನ್ನು ಮಾಡಿದ್ದೀರಿ. ಓದಲಿಕ್ಕಿರುವ ಗ್ರಂಥವನ್ನು ತಾಯಿತ ಮಾಡಿದ್ದೀರಿ. ಸತ್ತವರು ಓದುವುದಿಲ್ಲ. ಮಣ್ಣು ಓದುವುದಿಲ್ಲ. ಅದು ಬದುಕಿರುವವರ ಸೊತ್ತು; ನೀನೇ ಬರೆದಿರುವಂತೆ ಅದಿಲ್ಲದೆ ಒಂದು ಮನೆಯ ಓದು ನಿಂತಿದೆ.

ಆದ್ದರಿಂದ ಕುಣಿಯನ್ನು ತೆರೆದು ಪುಸ್ತಕವನ್ನು ಹೊರಗೆ ತೆಗೆಯಲು ಅಪ್ಪಣೆಯಾಗಬೇಕೆಂದು ತಹಸೀಲ ಕಚೇರಿಗೆ ಅರ್ಜಿ ಬರೆದಿದ್ದೇನೆ. ಉರ್ದುವಿನಲ್ಲಿ ಚೆನ್ನಾಗಿ ಬಂದಿದೆ. ತಂದೆಯ ಹಕ್ಕು, ಧರ್ಮದ ಶುದ್ಧಿ, ಜೀವಂತರ ಪ್ರಯೋಜನ, ಮೂರನ್ನೂ ಪ್ರತಿಪಾದಿಸಿದ್ದೇನೆ. ಗಂಡನ ಸಮ್ಮತಿಯ ಸಹಿ ಬೇಕು. ಕಾಗದ ಇದರೊಳಗಿದೆ. ಸಹಿ ಮಾಡಿ ಕಳುಹಿಸು.

ಅಮೃತಪ್ಪ

ಉದಗೀರ
೩೦ ಜನವರಿ ೧೯೧೯

ಮಾವನವರಿಗೆ,

ಸಹಿ ಮಾಡದೆ ಕಾಗದವನ್ನು ಹಿಂದಿರುಗಿಸಿದ್ದೇನೆ.

ನಾನು ಕಾಲೇಜು ಕಂಡವನಲ್ಲ. ತಮ್ಮ ಮೂರು ವಾದಗಳಿಗೆ ಪ್ರತಿಯಾಗಿ ಒಂದೇ ಮಾತು ಕೇಳುತ್ತೇನೆ. ತಮಗೆ ಬೇಕಾದದ್ದು ಪುಸ್ತಕವೋ, ಅವಳೋ? ಪುಸ್ತಕವಾದರೆ ಅಂಥದೇ ಒಂದು ತಮ್ಮ ಮನೆಯಲ್ಲಿದೆ. ಅವಳು ಬೇಕೆಂದಾದರೆ, ಮಾವನವರೇ, ಮಣ್ಣು ತೆಗೆದರೆ ಸಿಗುವವಳು ಅವಳಲ್ಲ. ನನಗೂ ಬೇಕು. ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ದಿನವೂ ಒಳಗಿನ ಸದ್ದಿಗೆ ಕಿವಿ ಕೊಡುತ್ತೇನೆ. ನಾನು ಯಾವ ಕಚೇರಿಗೆ ಅರ್ಜಿ ಹಾಕಲಿ?

ತಾಯಿ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ಅವಳದು ಹಟ: "ಬೀಗ್ರಿಗಿ ಬರೀ. ಕುಣಿ ಅಗೀಲಿಕ್ಕಿ ಕಾಗದ ಸಾಕಾಗಂಗಿಲ್ಲ, ಸಲಿಕಿ ಬೇಕು. ಸಿಪಾಯಿ ಕಡಿಂದ ಅಗಸಬ್ಯಾಡ್ರಿ. ತಾವೇ ಬರ್ರಿ. ನಾ ರೊಟ್ಟಿ ಮಾಡಿ ಬಡಸ್ತೀನಿ, ಉಂಡು ಹೋಗಿ ತಮ್ಮ ಕೈಲೆ ಅಗೀರಿ. ಕೂಸಿನ ಬೆರಳು ತಾವೇ ಬಿಡಸ್ರಿ."

ಅವಳು ತಮಗಾಗಿ ಕಾಯುತ್ತಿದ್ದಳೆಂದು ಬರೆದೆ. ತಾವು ನನ್ನನ್ನು ಮುಖ ನೋಡಿ ನುಡಿಯುವ ಸಾಕ್ಷಿಯೆಂದಿರಿ. ಆಗಲಿ. ಕೊನೆಯವರೆಗೂ ಬಳಿಯಿದ್ದವರು ನನಗಿಂತ ಹೆಚ್ಚಾಗಿ ಪ್ರಯಾಗಬಾಯಿಯವರು. ಅವರಿಗೆ ತಮ್ಮ ಮುಖ ನೋಡಿ ನುಡಿಯುವ ಅಗತ್ಯ ಇಷ್ಟು ವರ್ಷ ಬಿದ್ದಿಲ್ಲ. ಅರ್ಜಿಗೆ ಸಾಕ್ಷಿ ಬೇಕಾದರೆ ಅವರನ್ನು ಕೇಳಿರಿ.

ಕಲ್ಯಾಣಪ್ಪ

ಗುಂಜೋಟಿ
೧೬ ಮಾರ್ಚ್ ೧೯೧೯

ಚಿರಂಜೀವಿ ಕಲ್ಯಾಣಪ್ಪನಿಗೆ ಆಶೀರ್ವಾದ. ಬಂಡಮ್ಮನವರಿಗೆ ವಂದನೆಗಳು.

ಮೇಲೆ ಬರೆದ ಊರಿನ ಹೆಸರನ್ನು ನೋಡಿ ನೀನು ಆಶ್ಚರ್ಯಪಡುವೆ. ಕ್ರಮವಾಗಿ ಹೇಳುತ್ತೇನೆ.

ನಿನ್ನ ಪತ್ರ ಬಂದ ಮೇಲೆ ಬಹಳ ದಿನ ಉತ್ತರ ಬರೆಯಲಿಲ್ಲ. ನಿನ್ನ ಪ್ರಶ್ನೆಗೆ ಮೂರು ಉತ್ತರ ಬರೆದು ಮೂರನ್ನೂ ಹರಿದೆನು. ಕೊನೆಗೆ, ಅರ್ಜಿ ಬಲವಾಗಲೆಂದು, ಪ್ರಯಾಗಬಾಯಿಯ ಜಬಾನಿ ಸಾಕ್ಷ್ಯವನ್ನು ಬರೆದುಕೊಳ್ಳಲು ಹೊರಟೆನು. ತುರೋರಿಯವರೆಗೆ ಬಾಡಿಗೆಯ ಗಾಡಿ. ಅಲ್ಲಿಂದ ಜೋಳ ಕೊಯ್ದ ಹೊಲಗಳ ನಡುವೆ ನಡೆದು ಬಂದೆನು. ಹುಟ್ಟಿದ ಮನೆಯ ಬಾಗಿಲಿಗೆ ಬಂದಾಗ ಅಕ್ಕ ಪಡಸಾಲೆಯಲ್ಲಿ ತೊಗರಿ ಒಡೆಯುತ್ತಿದ್ದಳು. ಬೀಸುಕಲ್ಲು ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.

"ಯಾರು?"

"ನಾನು, ಅಮೃತಪ್ಪ."

"ಯಾವ ಅಮೃತಪ್ಪ? ನಮ್ಮ ಅಮೃತ ಆದ್ರ ಒಳಗ ಬರ್ಲಿ. ನಿಲಂಗಾದ ವಕೀಲ್ ಸಾಹೇಬ್ರಾದ್ರ ಅಲ್ಲೇ ಕಟ್ಟಿ ಮ್ಯಾಲ ಕೂಡ್ಲಿ."

ನಾನು ಕಟ್ಟೆಯ ಮೇಲೆ ಕುಳಿತೆನು. ಪೆನ್ಸಿಲು ತೆಗೆದು, ಸಾಕ್ಷಿ ಬೇಕಾಗಿದೆ ಎಂದೆನು.

"ನನ್ನ ನಾಲಿಗಿ ಸರಕಾರಕ್ಕ ಬೇಕಾತೇನು? ನಿನಗ ಇಷ್ಟು ವರ್ಷ ಬೇಕಾಗಿರಲಿಲ್ಲ. ಕೇಳು."

"ಪುಸ್ತಕವನ್ನು ಅವಳ ಕೈಯಲ್ಲಿ ಇಟ್ಟವರು ಯಾರು?"

"ನಾ."

"ಯಾರ ಅಪ್ಪಣೆಯಿಂದ?"

"ಅಪ್ಪಣಿ ಯಾಕ ಬೇಕೋ? ನಾ ಆಕಿ ಸ್ವಾದರತ್ತಿ. ನೀ ಅಲ್ಲಿ ಇರಲಿಲ್ಲ. ನಿನ್ನ ಪಾಲಿನ ಕೆಲಸಾನೂ ನಾನೇ ಮಾಡೀನಿ. ಅದೂ ಬರಕೋ."

ಬರೆದುಕೊಂಡೆನು. ಕೊನೆಯ ದಿನಗಳಲ್ಲಿ ಅವಳು ಪುಸ್ತಕ ಓದುತ್ತಿದ್ದಳೇ ಎಂದು ಕೇಳಿದೆನು. ಈ ಪ್ರಶ್ನೆಗೂ ಅರ್ಜಿಗೂ ಸಂಬಂಧವಿರಲಿಲ್ಲ.

ಅಕ್ಕ ಆಗ ಬೀಸುಕಲ್ಲಿನಿಂದ ಕೈ ತೆಗೆದಳು. "ಓದ್ತಿರಲಿಲ್ಲ. ಎದಿ ಮ್ಯಾಲ ಇಟ್ಕೊಂಡು ಮಲಗಿರ್ತಿದ್ದಳು. ಬ್ಯಾನಿ ಜಾಸ್ತಿ ಆದಾಗ ನಾ ಅಂದೆ, ತೆಗದು ಓದವ್ವಾ, ಮನಸಿಗಿ ಹಗುರಾಗ್ತದ. ಆಕಿ ಅಂದಳು, ಅಪ್ಪ ಮಲಗ್ಯಾರ ಅತ್ತಿ, ಇನ್ನಾ ಎದ್ದಿಲ್ಲ. ನಾ ಮುಂದ ಹೋದ್ರ ಅವರು ಹಿಂದ ಒಬ್ಬರೇ ಉಳೀತಾರ. ನನಗ ತಿಳೀಲಿಲ್ಲ ಏನು ಹೇಳ್ತಾಳಂತ. ಜ್ವರದಾಗ ಬಡಬಡಸ್ತಾಳ ಅನಕೊಂಡೆ."

ಕಲ್ಯಾಣಪ್ಪಾ, ನಮ್ಮಿಬ್ಬರ ಕರಾರು ಅಕ್ಕನಿಗೆ ಗೊತ್ತಿಲ್ಲ. ಹೇಳಿಕೊಡುವವರಿರಲಿಲ್ಲ. ತಾನು ಏನು ಹೇಳುತ್ತಿದ್ದೇನೆಂಬುದೂ ತಿಳಿಯದೆ ಹೇಳಿದಳು. ಇಂಥ ಸಾಕ್ಷಿಗೆ ಅಡ್ಡಸವಾಲು ಹಾಕುವ ವಕೀಲನನ್ನು ನಾನು ಕಂಡಿಲ್ಲ. ನೀನು ಬರೆದದ್ದು ನಿಜವಾಗಿತ್ತು. ನಾನು ನಂಬಲಿಲ್ಲ. ನಂಬಿದ್ದರೆ ಪುಸ್ತಕ ಕೇಳಲು ನನ್ನಲ್ಲಿ ಕಾರಣವೇ ಉಳಿಯುತ್ತಿರಲಿಲ್ಲ, ಮತ್ತು ಅವಳ ಬೆರಳು ಮುಟ್ಟಿದ್ದೊಂದು ನನ್ನ ಕೈಗೆ ಬರುವ ದಾರಿಯಿರುತ್ತಿರಲಿಲ್ಲ. ನಿನ್ನ ಪ್ರಶ್ನೆಗೆ ನಾನು ಹರಿಯದೆ ಉಳಿಸಿದ ಉತ್ತರ ಇಷ್ಟೇ.

ಪೆನ್ಸಿಲು ಕೆಳಗಿಟ್ಟೆನು. ಅಕ್ಕನೇ ಮಾತು ತೆಗೆದಳು.

"ಆತಾ ನಿನ್ನ ಸವಾಲು? ಈಗ ನಾ ಕೇಳ್ತೀನಿ. ಕೂಸಿನ ಕೈಯಾಗ ಇಟ್ಟೆನಲ್ಲ, ಅದರಾಗ ಏನದ?"

ನಾನು ಹೇಳತೊಡಗಿದೆನು: ಸೃಷ್ಟಿ, ಪಾಪ, ರಕ್ಷಣೆ. ಕೈ ತಾನಾಗಿ ಮೇಲೆದ್ದಿತು, ಧ್ವನಿ ವಾದಸಭೆಯ ಧ್ವನಿಯಾಯಿತು. ಅವಳು ಅರ್ಧಕ್ಕೇ ತಡೆದಳು.

"ಅದು ಬ್ಯಾಡ. ಅದು ಜಗಳದ ಮಾತು. ಅಪ್ಪನ ಮುಂದ ನಿಂತು ಹಿಂಗೇ ಕೈ ಮಾಡಿ ಹೇಳಿ ಹೋದಿ. ಅವತ್ತೂ ನನಗ ಏನೂ ತಿಳೀಲಿಲ್ಲ. ಅದರಾಗ ಬರದದ್ದು ಏನದ, ಅದು ಹೇಳು."

"ಅದನ್ನು ಹೇಳಲು ಬರುವುದಿಲ್ಲ ಅಕ್ಕಾ, ಓದಬೇಕು. ಬಹಳ ದೊಡ್ಡದು. ದಿನಾಲೂ ಓದಬೇಕು."

"ಓದು ಮತ್ತ. ನನಗ ಅಕ್ಷರ ಬರಂಗಿಲ್ಲ, ಕಿವಿ ಅವ. ನಾ ನನ್ನ ಲಿಂಗ ಬಿಡಂಗಿಲ್ಲ, ಮೊದಲೇ ಹೇಳ್ತೀನಿ. ಆದ್ರ ನನ್ನ ಕೈಲೆ ಏನು ಕೊಟ್ಟು ಕಳಸೀನಿ ಅನ್ನೂದು ನಾ ಸಾಯೂದ್ರಾಗ ತಿಳೀಬೇಕು."

ಒಳಗಿನಿಂದ ಅವಳ ಮಗ ರೇವಣಪ್ಪ, "ಅವ್ವಾ, ಮಠದಾಗ ಪಂಚರು ಕೇಳಿದ್ರ ಏನು ಹೇಳ್ತಿ?" ಎಂದನು.

"ಅವರಿಗೂ ಬರಾಕ ಹೇಳು. ಚಾಪಿ ದೊಡ್ಡದದ," ಎಂದಳು ಅಕ್ಕ.

ನಾನು ಅಂದು ಓದಲಿಲ್ಲ. ನಿಲಂಗಾಕ್ಕೆ ಮರಳಿ ಹೋಗಿ ಅರ್ಜಿಯನ್ನು ಹಿಂದಕ್ಕೆ ಪಡೆದೆನು. ಕೈಯಲ್ಲಿದ್ದ ದಾವೆಗಳನ್ನು ಬೇರೆ ವಕೀಲರಿಗೆ ಒಪ್ಪಿಸಿ, ಮನೆಗೆ ಬೀಗ ಹಾಕಿ, ನಿನ್ನೆ ಇಲ್ಲಿಗೆ ಬಂದೆನು. ಬಂಡಮ್ಮನವರಿಗಾಗಿ ಬಳ್ಳಾರಿಯಿಂದ ಕನ್ನಡದ ಪ್ರತಿಯೊಂದನ್ನು ನಿನ್ನ ಹೆಸರಿಗೆ ಕಳುಹಿಸಲು ಬರೆದಿದ್ದೇನೆ. ಟಪಾಲಿನಲ್ಲಿ ಬಂದ ದಿನವೇ ತೆರೆಯಿರಿ. ಎಲ್ಲಿಂದ ಓದಬೇಕೆಂಬುದು ನಿಮ್ಮ ಇಷ್ಟ. ಪರದೆಗಳ ಲೆಕ್ಕ ಬೇಡವೆನಿಸಿದರೆ ಹಾರಿಸಿರಿ, ದಾವೆ ಹೂಡುವುದಿಲ್ಲ. ಅವರು ಬಡಿಸುವೆನೆಂದ ರೊಟ್ಟಿಗೆ ಬರುತ್ತೇನೆ. ಮಣ್ಣಿನ ಬಳಿಗೂ ಬರುತ್ತೇನೆ. ಬರಿಗೈಯಲ್ಲಿ ಬರುತ್ತೇನೆ.

ಇನ್ನು ನನ್ನ ನಿಶ್ಚಯ. ಇದನ್ನು ಪಾದ್ರಿಯವರನ್ನಾಗಲಿ, ನಿನ್ನನ್ನಾಗಲಿ, ಅಕ್ಕನನ್ನಾಗಲಿ ಕೇಳಿ ಮಾಡಿದ್ದಲ್ಲ.

ಇಂದು ಸಂಜೆ ಅಕ್ಕನಿಗೆ ಮೊದಲನೆಯ ಅಧ್ಯಾಯದಿಂದ ಆರಂಭಿಸುತ್ತೇನೆ. ದಿನಕ್ಕೊಂದು, ಯಾವುದನ್ನೂ ಬಿಡದೆ. ಬಿಸಿಲು ಬಲಿತು ಮಳೆಗಾಗಿ ಜನ ಆಕಾಶ ನೋಡುವ ಹೊತ್ತಿಗೆ ಆ ಗುಡಾರದ ಅಧ್ಯಾಯ ಬರುತ್ತದೆ. ಅಲ್ಲಿಯವರೆಗಿನ ದಾರಿಯೆಲ್ಲ ಕಸ್ತೂರಿ ನನ್ನೊಡನೆ ನಡೆದ ದಾರಿ. ಯಾವ ಮಾತಿಗೆ ನಕ್ಕು ಬರೆದಿದ್ದಳು, ಯಾವ ಮಾತಿಗೆ ಏಕೆಂದು ಕೇಳಿದ್ದಳು, ನನಗೆ ನೆನಪಿದೆ. ಅದರ ಆಚೆ ಒಂದು ಸಾಲಿನಲ್ಲಿಯೂ ಅವಳಿಲ್ಲ. ಆ ಸಂಜೆಗೆ ನಾನು ಈಗಿನಿಂದಲೇ ಹೆದರುತ್ತಿದ್ದೇನೆ. ಅವಳನ್ನು ಕೇಳಲು ಬರುವಂತಿದ್ದರೆ, ಇನ್ನಷ್ಟು ಕಾಯಿರಿ ಅಪ್ಪಾ ಎಂದೇ ಅಂದಾಳು; ನಾನು ಕಾದೇನು.

ಆದ್ದರಿಂದ ನಾನೊಬ್ಬನೇ ನಿಶ್ಚಯಿಸಿದ್ದೇನೆ. ಆ ಅಧ್ಯಾಯವನ್ನು ಕೊನೆಯ ಮೊಳದವರೆಗೆ ಓದುತ್ತೇನೆ. ಮರುದಿನ ದೀಪ ಹಚ್ಚಿದ ಮೇಲೆ ಪುಟ ತಿರುವುತ್ತೇನೆ.

ಅಮೃತಪ್ಪ